ಎಂಟು ಸಾವಿರದ ಮೇಲೊಂದು ಕಿಲೋಮೀಟರ್

ಲಂಡನ್ನಿನಲ್ಲಿ ಇಳಿದ ವಿಮಾನದ ಬಾಗಿಲಲ್ಲಿ ವೀಲ್‌ಚೇರ್ ಒಂದೇ ಇತ್ತು, ಅದಕ್ಕೆ ಕಾದವರು ಇಬ್ಬರು. ಪಟ್ಟಿ ಹಿಡಿದ ಹುಡುಗಿ ಮೊದಲ ಹೆಸರು ಕೂಗಿ, ಮೈಸೂರಿನ ವಿಶಾಲಾಕ್ಷಮ್ಮನನ್ನು ಅದರಲ್ಲಿ ಕೂರಿಸಿಬಿಟ್ಟಳು. ಊರುಗೋಲು ಹಿಡಿದ ಯಜಮಾನರೊಬ್ಬರಿಗೆ ಇನ್ನರ್ಧ ಗಂಟೆ ಕಾಯಬೇಕೆಂದು ಹೇಳಿದಳು.

ನಿಜ ಹೇಳಬೇಕೆಂದರೆ ವಿಶಾಲಾಕ್ಷಮ್ಮನ ಕಾಲಿಗೆ ಏನೂ ಆಗಿರಲಿಲ್ಲ. ದಿನಾ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುವ ಕಾಲುಗಳವು. ವೀಲ್‌ಚೇರ್ ಮಗ ಸಂದೀಪನ ಉಪಾಯ. "ಬೆಂಗಳೂರಿಂದ ಲಂಡನ್ನಿಗೆ ಎಂಟು ಸಾವಿರ ಕಿಲೋಮೀಟರ್, ಹತ್ತೂವರೆ ಗಂಟೆ. ಅದೇನೂ ಕಷ್ಟ ಇಲ್ಲಮ್ಮ, ಸುಮ್ನೆ ಕೂತಿದ್ರಾಯ್ತು. ಇಳಿದ ಮೇಲೆ ಒಂದು ಕಿಲೋಮೀಟರ್ ಇದೆ ನೋಡು, ಅದೇ ತಾಪತ್ರಯ. ಪಾಸ್‌ಪೋರ್ಟ್ ನೋಡೋ ಆಫೀಸರ್ ಇಂಗ್ಲಿಷಲ್ಲಿ ಕೇಳ್ತಾನೆ. ವೀಲ್‌ಚೇರ್ ಇದ್ರೆ ಜೊತೆಗೊಬ್ರು ಇರ್ತಾರೆ. ನಾನು ಸಿಗೋವರೆಗೂ ಏಳ್ಬೇಡ," ಎಂದು ಲಂಡನ್ನಿನ ಕೊಲಿಂಡೇಲ್‌ನಿಂದ ಫೋನಿನಲ್ಲಿ ಮೂರು ಸಲ ಹೇಳಿದ್ದ. ಅವನ ಗೆಳೆಯರೆಲ್ಲ ಅಪ್ಪ ಅಮ್ಮಂದಿರನ್ನು ಹೀಗೇ ಕರೆಸಿಕೊಳ್ಳುತ್ತಿದ್ದರಂತೆ.

ಹುಡುಗಿ ತಳ್ಳಿದಂತೆ ಕುರ್ಚಿ ಹೊರಟಿತು. ವಿಶಾಲಾಕ್ಷಮ್ಮ ಒಮ್ಮೆ ತಿರುಗಿ ನೋಡಿದರು. ನೋಡಬಾರದಿತ್ತು. ಯಜಮಾನರು ಗೋಡೆಗೆ ಒರಗಿ ನಿಂತಿದ್ದರು, ಬಲಗಾಲು ನಡುಗುತ್ತಿತ್ತು. ಪಾಪ, ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ವಿಶಾಲಾಕ್ಷಮ್ಮನಿಗೆ ನಾಚಿಕೆಯಾಯಿತು. ಆದರೆ ಎದ್ದರೆ ಆಫೀಸರನ ಮುಂದೆ ಒಬ್ಬರೇ ನಿಲ್ಲಬೇಕು. ತಪ್ಪು ಉತ್ತರ ಕೊಟ್ಟರೆ ಬಂದ ದಾರಿಗೇ ಕಳಿಸುತ್ತಾರೆಂದು ಪಕ್ಕದ ಮನೆ ವತ್ಸಲಾ ಬೇರೆ ಹೆದರಿಸಿದ್ದಳು. ಎರಡು ತಿಂಗಳ ಮೊಮ್ಮಗಳ ಮುಖವನ್ನೂ ನೋಡದೆ ವಾಪಸ್ಸು ಹೋಗುವುದೇ?

"ಸ್ಟಾಪ್," ಎಂದರು. ಅವರಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಅದೊಂದು. ಎದ್ದು, ಸೆರಗು ಸರಿಮಾಡಿಕೊಂಡು, ಹುಡುಗಿ ಬಾಯಿ ಬಿಟ್ಟು ನೋಡುತ್ತಿರುವಾಗಲೇ ಸರಸರನೆ ಹಿಂದಕ್ಕೆ ನಡೆದರು.

"ನೀವು ಕೂತ್ಕೊಳ್ಳಿ."

"ಏನ್ರೀ ಇದು, ನೀವು ಛಲೋತ್ನಂಗ ನಡೀತೀರಲ್ರೀ!" ಯಜಮಾನರ ಮಾತು ಧಾರವಾಡದ್ದು.

"ನಡೀತೀನಿ. ಇಂಗ್ಲಿಷ್ ಬರಲ್ಲ, ಅದಕ್ಕೇ ಈ ಕುರ್ಚಿ."

ಅವರು ಗಟ್ಟಿಯಾಗಿ ನಕ್ಕರು. "ಆನಂದತೀರ್ಥ ಮಾಸ್ತರ ನಾನು. ಮೂವತ್ತು ವರ್ಷ ಅದನ್ನ ಕಲಿಸೇನ್ರಿ. ಈಗ ಕಾಲಷ್ಟ ಮಾತು ಕೇಳವಲ್ಲವು. ನಮ್ಮ ಜೋಡಿ ಬರ್ರಿ, ಆಫೀಸರನ್ನ ನನಗ ಬಿಡ್ರಿ."

ಆಫೀಸರ್ ಯಾಕೆ ಬಂದಿರಿ ಎಂದು ಕೇಳಿದ. ಮೊಮ್ಮಗಳನ್ನು ಇನ್ನೂ ನೋಡಿಲ್ಲ ಎಂದು ವಿಶಾಲಾಕ್ಷಮ್ಮ ಹೇಳಿದ್ದು ಒಂದೇ ಮಾತು, ಮಾಸ್ತರರ ಇಂಗ್ಲಿಷಿನಲ್ಲಿ ಅದು ಅರ್ಧ ಪುಟವಾಯಿತು. ಆಫೀಸರ್ ನಗುತ್ತಾ ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದ. ಇಬ್ಬರ ಸೂಟ್‌ಕೇಸುಗಳ ಟ್ರಾಲಿ ಹುಡುಗಿಯ ಪಾಲಿಗೆ ಬಂದದ್ದರಿಂದ ವೀಲ್‌ಚೇರ್ ತಳ್ಳುವ ಕೆಲಸ ವಿಶಾಲಾಕ್ಷಮ್ಮನದಾಯಿತು.

ಹೊರಗೆ ಸಂದೀಪ ಬಂದ ಬಂದ ವೀಲ್‌ಚೇರುಗಳಲ್ಲೆಲ್ಲ ಅಮ್ಮನ ಮುಖ ಹುಡುಕುತ್ತಿದ್ದ. ಒಂದರಲ್ಲಿ ಯಾರೋ ವಯಸ್ಸಾದವರು ಆರಾಮಾಗಿ ಕೂತು ಬರುತ್ತಿದ್ದರು. ಅದನ್ನು ಬಿಟ್ಟು ಮುಂದಿನದನ್ನು ನೋಡಲು ಹೋದವನು ತಟ್ಟನೆ ಕತ್ತೆತ್ತಿದ. ತಳ್ಳುತ್ತಿದ್ದವರು ಅಮ್ಮ.

"ಅಮ್ಮಾ! ಏಳ್ಬೇಡ ಅಂದಿದ್ನಲ್ಲ! ಯಾರಿವ್ರು?"

ವಿಶಾಲಾಕ್ಷಮ್ಮ ಹಿಡಿ ಬಿಡದೆಯೇ ಉಸಿರು ಸುಧಾರಿಸಿಕೊಂಡರು.

"ನನ್ನ ಇಂಗ್ಲಿಷು ಕಣೋ."