ಫ್ಯಾನ್ ಕಾರ್ಖಾನೆಯ ಷೇರು

"ಅರೆ, ಇದು ನಮ್ಮ ಕಂಪನಿ ಅಲ್ವೇನೇ!"

ಅಪ್ಪ ಮೇಜಿನ ಮೇಲಿದ್ದ ವಾರ್ಷಿಕ ವರದಿಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಇಪ್ಪತ್ತೊಂಬತ್ತು ವರ್ಷದಿಂದ ಅವನು ಆ ಕಾರ್ಖಾನೆಯಲ್ಲಿ ಫ್ಯಾನಿನ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಅದರ ಹೆಸರನ್ನು ಇಷ್ಟು ನುಣುಪಾದ ಕಾಗದದ ಮೇಲೆ ನೋಡಿದ್ದು ಇದೇ ಮೊದಲು.

ಮಗಳು ಪೆನ್ಸಿಲ್ ಕೆಳಗಿಟ್ಟಳು. ಜನರ ದುಡ್ಡನ್ನು ಷೇರುಗಳಲ್ಲಿ ತೊಡಗಿಸುವ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಬಣ್ಣದ ಕಂಪನಿ, ಫ್ಯಾನ್ ಕಂಪನಿ, ಎರಡರಲ್ಲಿ ಯಾವುದರ ಷೇರು ಕೊಳ್ಳಬೇಕೆಂದು ನಾಳೆ ಸಾಹೇಬರಿಗೆ ಬರೆದುಕೊಡಬೇಕಿತ್ತು. ಅವರು ಮೆಚ್ಚಿದರೆ ಕೆಲಸ ಕಾಯಂ.

"ಅದ್ಹೇಗೆ ಆರಿಸ್ತೀಯ? ಚೀಟಿ ಎತ್ತೋದಾ?"

"ಇಲ್ಲಪ್ಪ. ಕಂಪನಿ ಹತ್ರ ಇರೋ ಆಸ್ತಿ, ಬರೋ ಲಾಭ, ತೀರಿಸಬೇಕಾದ ಸಾಲ ಎಲ್ಲ ನೋಡಿ ಅದರ ನಿಜವಾದ ಬೆಲೆ ಎಷ್ಟು ಅಂತ ಲೆಕ್ಕ ಹಾಕೋದು. ಮಾರ್ಕೆಟ್ಟಿನಲ್ಲಿ ಅದಕ್ಕಿಂತ ತೀರಾ ಅಗ್ಗಕ್ಕೆ ಸಿಕ್ತಿದ್ರೆ ಕೊಳ್ಳೋದು."

"ಹಾಗಾದ್ರೆ ನಮ್ದೇ ಬರೀ!"

"ಲೆಕ್ಕದ ಪ್ರಕಾರ ನಿಮ್ದೇ. ಈಗಿನ ರೇಟಿಗಿಂತ ಎರಡರಷ್ಟು ಬಾಳುತ್ತೆ."

ಅಪ್ಪನ ಮುಖ ಊರಗಲವಾಯಿತು. "ನಾನು ಹೇಳ್ತಿರಲಿಲ್ವಾ! ನಮ್ಮ ಫ್ಯಾನು ಇಪ್ಪತ್ತು ವರ್ಷ ತಿರುಗಿದ್ರೂ ಕಿರ್ ಅನ್ನಲ್ಲ. ಜನಕ್ಕೆ ಗೊತ್ತಿಲ್ಲ, ಅದಕ್ಕೇ ಅಗ್ಗ. ಯಾವುದಕ್ಕೆ ಎಷ್ಟು ಬೆಲೆ ಹಾಕಿದೀಯ, ಹೇಳು ನೋಡೋಣ. ನಮ್ಮ ವೈಂಡಿಂಗ್ ವಿಭಾಗಕ್ಕೆ ಎಷ್ಟು?"

ಸುಳ್ಳು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. "ಬೆಲೆ ಇರೋದು ಜಾಗಕ್ಕೆ, ಅಪ್ಪ," ಎಂದಳು ಮೆಲ್ಲಗೆ. "ಕಾರ್ಖಾನೆ ಕಟ್ಟಿದಾಗ ಊರಾಚೆ ಇತ್ತು, ಈಗ ಊರ ನಡುವೆ ಬಂದುಬಿಟ್ಟಿದೆ."

"ಅದರ ಮೇಲೆ ನಾವಿದ್ದೀವಲ್ಲೇ?"

"ಖಾಲಿ ಮಾಡಿಸಿ ಮಾರಿದ್ರೆ ಮಾತ್ರ ಅಷ್ಟು ಸಿಗೋದು."

ಅಪ್ಪ ಅವಳು ಬರೆದಿದ್ದ ಲೆಕ್ಕದ ಹಾಳೆಯ ಮೇಲೆ ಬಗ್ಗಿದ. "ಇದರಲ್ಲಿ ನಾವೆಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು. ನಾನೂರು ಕೆಲಸಗಾರರ ಪರಿಹಾರ ಒಂದೇ ಸಾಲಿನಲ್ಲಿತ್ತು, ಕಳೆಯಬೇಕಾದವುಗಳ ಪಟ್ಟಿಯಲ್ಲಿ. ಅಪ್ಪ ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಹಾಳೆಯ ಅಂಚು ಸರಿಮಾಡಿಟ್ಟು, ಹಾಲು ತರುತ್ತೇನೆಂದು ಹೊರಗೆ ಹೋದ. ಹಾಲು ಬೆಳಿಗ್ಗೆಯೇ ಬಂದಿತ್ತು.

ಮರುದಿನ ಅವಳು ಬಣ್ಣದ ಕಂಪನಿಯ ಹೆಸರು ಬರೆದುಕೊಟ್ಟಳು. ಎರಡೂ ಕಂಪನಿಗಳ ಲೆಕ್ಕದ ಹಾಳೆಗಳನ್ನು ಜೊತೆಗೆ ಇಡಲೇಬೇಕಿತ್ತು. ಸಾಹೇಬರು ಎರಡೂ ಲೆಕ್ಕಗಳ ಮೇಲೆ ಕಣ್ಣಾಡಿಸಿ, "ಕಣ್ಣೆದುರಿಗೇ ಇದ್ದದ್ದು ಕಾಣಲಿಲ್ವಲ್ಲಮ್ಮ," ಎನ್ನುತ್ತ ಫ್ಯಾನ್ ಕಂಪನಿಯ ಹಾಳೆಯನ್ನು ಪಕ್ಕದ ಮೇಜಿನವನಿಗೆ ಕೊಟ್ಟರು. ಅವನು ಅದನ್ನೇ ಚಂದವಾಗಿ ಬರೆದು ಬಡ್ತಿ ಪಡೆದ. ತಿಂಗಳ ಕೊನೆಗೆ ಅವಳ ಕೆಲಸ ಹೋಯಿತು. ಇತ್ತ ಫ್ಯಾನ್ ಕಂಪನಿಯ ಷೇರು ಕೊಂಡವರೆಲ್ಲ ಒಂದಾಗಿ, ಜಾಗ ಮಾರಿ ಎಂದು ಪಟ್ಟು ಹಿಡಿದರು. ವರ್ಷದೊಳಗೆ ಕಾರ್ಖಾನೆಗೆ ಬೀಗ ಬಿತ್ತು.

ಆ ದಿನ ಅಪ್ಪ ಮಧ್ಯಾಹ್ನವೇ ಮನೆಗೆ ಬಂದ. ಕೈಚೀಲವನ್ನು ಎಲ್ಲಿಡುವುದೆಂದು ತಿಳಿಯದವನಂತೆ ಬಾಗಿಲಲ್ಲೇ ನಿಂತ. ಅವಳು ಓಡಿಬಂದು ಚೀಲ ಇಸಿದುಕೊಂಡಳು.

"ನಾನು ಬರೆದುಕೊಟ್ಟಿದ್ದು ಬಣ್ಣದ ಕಂಪನಿ, ಅಪ್ಪ. ನಿನ್ನಾಣೆ, ನಿಮ್ದಲ್ಲ."

"ಗೊತ್ತು," ಎಂದ ಅಪ್ಪ. ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಕೈಯೂರಿದ. ಆಮೇಲೆ ಅವಳ ಕಡೆ ತಿರುಗಿದ.

"ಲೆಕ್ಕ ಸರಿಯಾಗೇ ಹಾಕಿದ್ಯಲ್ಲ, ಪುಟ್ಟಿ. ನಮ್ದನ್ನೇ ಬರೆದುಬಿಡಬೇಕಿತ್ತು. ಇಬ್ಬರಲ್ಲಿ ಒಬ್ಬರ ಕೆಲಸವಾದ್ರೂ ಉಳೀತಿತ್ತು."