ಎರಡನೇ ಹಗ್ಗ

ಇವನು ಇವತ್ತು ಫೇಲಾಗುತ್ತಾನೆ ಎಂದು ನಿವೃತ್ತ ಟೀಚರಮ್ಮನಿಗೆ ಬೆಳಿಗ್ಗೆ ಒಂಬತ್ತಕ್ಕೇ ಖಾತ್ರಿಯಾಯಿತು. ಮೂವತ್ತೊಂದು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕಾವಲು ಕಾದ ಕಣ್ಣು ಅದು. ಪರೀಕ್ಷೆಯ ದಿನ ಹೀಗೆ ಶಿಳ್ಳೆ ಹೊಡೆಯುತ್ತ ಬಂದವರು ಯಾರೂ ಉದ್ಧಾರವಾದದ್ದನ್ನು ಅವರು ಕಂಡಿರಲಿಲ್ಲ.

ಅವರ ಎರಡನೇ ಮಹಡಿಯ ಬಾಲ್ಕನಿಗೆ ಅಂಗಳದ ಹಳೆಯ ಮರ ತೀರ ಹತ್ತಿರ. ಅದರ ಬುಡದಲ್ಲಿ ಮೂವರಿದ್ದರು: ನೆಲಮಹಡಿಯಲ್ಲಿ ಬಾಡಿಗೆಗಿದ್ದ ಮರ ಕತ್ತರಿಸುವವನು, ಅವನ ಹೆಂಡತಿ, ಮತ್ತು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದಿದ್ದ ಗಂಟುಮುಖದ ಪರೀಕ್ಷಕ.

"ಏನಪ್ಪಾ, ಇಷ್ಟು ವರ್ಷ ಮರ ಹತ್ತಿದ್ದೀಯ, ಈಗೆಂಥಾ ಪರೀಕ್ಷೆ?" ಟೀಚರಮ್ಮ ಮೇಲಿನಿಂದಲೇ ಕೇಳಿದರು.

"ಈಗ ರೂಲ್ಸು ಬಿಗಿ, ಟೀಚರ್. ಇವತ್ತು ಫೇಲಾದ್ರೆ ಇನ್ನಾರು ತಿಂಗಳು ನಾನು ಮರ ಮುಟ್ಟೋ ಹಾಗಿಲ್ಲ."

ಟೀಚರಮ್ಮನಿಗೆ ಅಯ್ಯೋ ಅನ್ನಿಸಿತು. ಇವನ ಜೊತೆ ಮರದ ಕೆಲಸ ಮಾಡುತ್ತಿದ್ದ ಇವನ ತಮ್ಮನು ಬೇಕರಿಗೆ ಸೇರಿಕೊಂಡಾಗಿನಿಂದ, ಅಂದರೆ ಎರಡು ತಿಂಗಳಿಂದ, ಇವನು ಮನೆಯಲ್ಲೇ ಕೂತಿದ್ದ. ಕೂತವನು ಸುಮ್ಮನಿರದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಹೆಂಡತಿಗೆ ಉಪ್ಪು ಎಲ್ಲಿದೆಯೆಂದೇ ತಿಳಿಯದಂತೆ ಮಾಡಿದ್ದ. "ಇನ್ನಾರು ತಿಂಗಳು ಇವರು ಮನೇಲಿದ್ರೆ ನಾನೇ ಮರ ಹತ್ತಿ ಕೂತ್ಕೋತೀನಿ" ಎಂದು ಅವಳು ನಿನ್ನೆಯಷ್ಟೇ ಗೊಣಗಿದ್ದಳು. ಇಂದು ಅವಳ ಮುಖ ಬಿಳಿಚಿಕೊಂಡಿತ್ತು. ಪಾಪ, ಗಂಡನಿಗಿಂತ ಅವಳಿಗೇ ಹೆದರಿಕೆ ಹೆಚ್ಚು.

ಸಿದ್ಧತೆಯನ್ನು ಮಾತ್ರ ಮೆಚ್ಚಬೇಕು. ಇಬ್ಬರಿಗೂ ಹೆಲ್ಮೆಟ್, ಇಬ್ಬರಿಗೂ ಸೊಂಟಪಟ್ಟಿ. ಕಾಂಡಕ್ಕೆ ಸುತ್ತಿಗೆಯಿಂದ ತಟ್ಟಿ, ಟೊಳ್ಳಾಗಿದೆಯೇ ಎಂದು ಕಿವಿಗೊಟ್ಟರು. ಮೇಲಿನ ಗಟ್ಟಿ ಕವಲಿಗೆ ಎರಡು ಹಗ್ಗ ದಾಟಿಸಿದರು. ಒಂದೊಂದಕ್ಕೂ ಗಂಡ ಹೆಂಡತಿ ಒಟ್ಟಿಗೆ ಜೋತುಬಿದ್ದು ಭಾರ ತಡೆಯುತ್ತದೆಯೇ ಎಂದು ನೋಡಿದರು. ಅವನು ಹತ್ತಲು ಒಂದನ್ನು ಹಿಡಿದ. ಇನ್ನೊಂದು ಸುಮ್ಮನೆ ನೇತಾಡುತ್ತಿತ್ತು.

ಹೆಂಡತಿ ಅವನ ಪಟ್ಟಿಯ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. "ಬೀಳೋ ಮುಂಚೆ ಒಂದು ಮಾತು ಹೇಳ್ರೀ."

"ಹೇಳಿ ಬೀಳೋರು ಯಾರಾದ್ರೂ ಇದ್ದಾರೇನೇ?" ಅವನು ನಕ್ಕು ಹತ್ತಿದ.

ಹತ್ತಿದ ಚಂದವನ್ನು ನೋಡಿಯೇ ತೀರಬೇಕು. ಅವಸರವಿಲ್ಲ, ಆಡಂಬರವಿಲ್ಲ. ಮೂರನೇ ಮಹಡಿಯ ಎತ್ತರದಲ್ಲಿ ಒಂದು ಒಣಕೊಂಬೆಯ ಪಕ್ಕ ನಿಂತು, ಗರಗಸ ತೆಗೆಯುವ ಮೊದಲು ಇನ್ನೊಂದು ಪಟ್ಟಿಯನ್ನು ಕಾಂಡಕ್ಕೆ ಸುತ್ತಿ ಸಿಕ್ಕಿಸಿಕೊಂಡ. ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ದ. ಆಮೇಲೆ ತುಸು ಆಚೆ, ಮೇಲಿನಿಂದ. ತೊಗಟೆ ಸಿಗಿಯದೆ ಕೊಂಬೆ ಲಟಕ್ಕನೆ ಮುರಿದು ಕೆಳಗೆ ಬಿತ್ತು. ಟೀಚರಮ್ಮ ತಮ್ಮ ತೀರ್ಪು ಬದಲಿಸಿ, ಮನಸ್ಸಿನಲ್ಲೇ ನೂರಕ್ಕೆ ತೊಂಬತ್ತು ಕೊಟ್ಟರು.

ಪರೀಕ್ಷಕ ಒಂದಕ್ಷರವನ್ನೂ ಬರೆಯಲಿಲ್ಲ. ಆ ಮಹಾಶಯ ಮೇಲಕ್ಕೇ ನೋಡುತ್ತಿರಲಿಲ್ಲ. ಅವನ ಕಣ್ಣೆಲ್ಲ ಮರ ಹತ್ತಿದವನ ಹೆಂಡತಿಯ ಮೇಲೆ. ವಯಸ್ಸಿಗಾದರೂ ಮರ್ಯಾದೆ ಬೇಡವೇ ಎಂದು ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು.

ಪರೀಕ್ಷಕ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಅದೇ ಗಳಿಗೆಗೆ ಮೇಲಿನಿಂದ "ಅಮ್ಮಾ" ಎಂಬ ನರಳಿಕೆ ಕೇಳಿಸಿತು. ಗರಗಸ ಕೈಜಾರಿ ತನ್ನ ದಾರದಲ್ಲಿ ತೂಗಾಡಿತು. ಮರ ಕತ್ತರಿಸುವವನು ಹಿಂದಕ್ಕೆ ವಾಲಿ, ಕೈಕಾಲು ಚೆಲ್ಲಿ, ಹಗ್ಗದಲ್ಲಿ ನೇತುಬಿದ್ದ.

ಟೀಚರಮ್ಮ ಕಿಟಾರನೆ ಕಿರುಚಿದರು.

ಹೆಂಡತಿ ಕಿರುಚಲಿಲ್ಲ. ಒಮ್ಮೆ ಗಂಡನನ್ನು ಕೂಗಿ ಕರೆದಳು. ಉತ್ತರ ಬರಲಿಲ್ಲ. ಮುರಿದ ಕೊಂಬೆ ಏನಾದರೂ ಮೇಲೆ ಸಿಕ್ಕಿಕೊಂಡಿದೆಯೇ ಎಂದು ಕತ್ತೆತ್ತಿ ನೋಡಿದಳು. "ಸಾರ್, ಆಂಬುಲೆನ್ಸ್‌ಗೆ ಫೋನ್ ಮಾಡಿ!"

"ಮಾಡಿದೆ ಅಂದ್ಕೊಳ್ಳಮ್ಮ" ಎಂದು ಪರೀಕ್ಷಕ ಗಡಿಯಾರ ನೋಡಿಕೊಂಡ.

ಅಂದುಕೊಳ್ಳಬೇಕಂತೆ! ಒಂದು ಜೀವ ಅಲ್ಲಿ ನೇತಾಡುತ್ತಿರುವಾಗ! ಟೀಚರಮ್ಮ ತಾವೇ ಫೋನ್ ಮಾಡಹೊರಟರು. ಗಾಬರಿಯಲ್ಲಿ ಕರೆ ತಂಗಿಗೆ ಹೋಯಿತು. "ಮರದವನು ಹೋದ ಕಣೇ!" ಎಂದು ಅವಳಿಗೇ ಹೇಳಿ ಅತ್ತರು.

ಅಷ್ಟರಲ್ಲಿ ಹೆಂಡತಿ ಎರಡನೇ ಹಗ್ಗಕ್ಕೆ ತನ್ನ ಪಟ್ಟಿ ಸಿಕ್ಕಿಸಿ, ಎಳೆದು ನೋಡಿ, ಹತ್ತತೊಡಗಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಎಂಥಾ ಗಟ್ಟಿ ಹೆಂಗಸಪ್ಪಾ ಎಂದು ಟೀಚರಮ್ಮ ಬೆರಗಾದರು. ಮೇಲೆ ತಲುಪಿ ಗಂಡನ ಮೂಗಿನ ಬಳಿ ಕೈಯಿಟ್ಟಳು. ತಲೆಯನ್ನು ನೆಟ್ಟಗೆ ಹಿಡಿದಳು. ಅವನ ಕೊಂಡಿಯನ್ನು ತನ್ನದಕ್ಕೆ ಸೇರಿಸಿ, ಎರಡು ಸಲ ನೋಡಿದ ಮೇಲೆಯೇ ಅವನ ಹಗ್ಗವನ್ನೂ ಕಾಂಡದ ಪಟ್ಟಿಯನ್ನೂ ಬಿಡಿಸಿದಳು. ಅವನ ಭಾರವೆಲ್ಲ ಅವಳ ಮೇಲೆ ಬಿತ್ತು. ಹಗ್ಗ ಜರ್ರನೆ ಗೇಣುದ್ದ ಜಾರಿತು. ಅವಳು ಹಲ್ಲು ಕಚ್ಚಿ ಹಿಡಿದಳು, ಮತ್ತೆ ಮೊಳಮೊಳವಾಗಿ ಇಳಿದಳು.

ಟೀಚರಮ್ಮ ಒಂದೇ ಕಾಲಿನ ಚಪ್ಪಲಿಯಲ್ಲಿ ಮೆಟ್ಟಿಲಿಳಿದು ಬರುವ ಹೊತ್ತಿಗೆ ಅವನು ನೆಲದ ಮೇಲೆ ಅಂಗಾತ ಬಿದ್ದಿದ್ದ. ಹೆಂಡತಿ ಅವನ ಪಟ್ಟಿ ಸಡಿಲಿಸಿ, ಪಕ್ಕದಲ್ಲಿ ಮಂಡಿಯೂರಿ, ಪರೀಕ್ಷಕನ ಮುಖವನ್ನೇ ನೋಡುತ್ತಿದ್ದಳು.

ಪರೀಕ್ಷಕ ಏನೋ ಬರೆದು ಸಹಿ ಹಾಕಿದ. "ಒಂಬತ್ತು ನಿಮಿಷ. ಪಾಸ್."

ಟೀಚರಮ್ಮನ ಸಹನೆಯ ಕಟ್ಟೆ ಒಡೆಯಿತು. "ಕರುಣೆ ಇರ್ಲಿ, ಆದ್ರೆ ನ್ಯಾಯ ಬೇಡ್ವೇನ್ರೀ? ಮೂರ್ಛೆ ಹೋದವನನ್ನ ಪಾಸ್ ಮಾಡೋದು ಅಂದ್ರೇನು?"

ಮೂರ್ಛೆ ಹೋದವನು ಒಂದು ಕಣ್ಣು ತೆರೆದ. "ನಂದು ಪಾಸಾಗಿ ಏಳು ವರ್ಷ ಆಯ್ತು ಟೀಚರ್. ಕೆಳಗಿಳಿಸೋಕೆ ಬರೋರು ಜೊತೆಗಿಲ್ದೆ ಯಾರೂ ಹತ್ತೋ ಹಾಗಿಲ್ಲ, ತಮ್ಮ ಬೇರೆ ಬಿಟ್ಟುಹೋದ, ಅದಕ್ಕೇ ಇವತ್ತಿನ ಪರೀಕ್ಷೆ ಇವಳದು. ನಾನು ಬರೀ ಪ್ರಶ್ನೆಪತ್ರಿಕೆ."