ಕಿವಿರಿಲ್ಲದ ಮೀನು

"ಬಿಡು ಅದರ ತಲೆ! ಉಳಿಸ್ತೆ ಹೇಳಿ ಕೊಲ್ತಾ ಇದ್ಯಲ, ಕತ್ತೆ!" ಸೊಂಟದಾಳದ ನೀರಿಗೆ ಇಳಿದು ಕಮಲಿ ತಮ್ಮನಿಗೆ ಬೈದಳು. ಧಾರೇಶ್ವರದ ಕಡಲಲ್ಲಿ ಬಲೆಯಿಂದ ಬಿಡಿಸಿದ ಡಾಲ್ಫಿನ್ ಮರಿಯ ತಲೆಯನ್ನು ದಾಸ ನೀರೊಳಗೆ ಒತ್ತಿ ಹಿಡಿದಿದ್ದ. "ಮೀನಿಗೆ ನೀರೇ ಉಸಿರು ಅಕ್ಕಾ. ನಂಗೆ ಕಲಿಸೂಕೆ ಬರಬೇಡ."

"ಮೀನಾದ್ರೆ ಕಿವಿರು ತೋರ್ಸು." ಮಾರುವಾಗ ಗಿರಾಕಿಗಳಿಗೆ ಕಿವಿರಿನ ಕೆಂಪು ತೋರಿಸುವ ಹಾಗೆ ದಾಸ ಅದರ ಕೆನ್ನೆಯ ಹಿಂದೆ ಬೆರಳು ಹಾಕಿದ. ಎತ್ತಲು ಕಿವಿರಿನ ಮುಚ್ಚಳವೇ ಇರಲಿಲ್ಲ. ಆಚೆ ಕಡೆಯೂ ತಡವಿದ. ಅಲ್ಲೂ ಇರಲಿಲ್ಲ. "ಇದಕ್ಕೂ ನಮ್ಮ ಹಾಗೇ ಎದೆಯಲ್ಲಿ ಶ್ವಾಸಕೋಶ ಉಂಟೋ. ಅದರೊಳಗಿನ ಸಣ್ಣ ಗುಳ್ಳೆಗಳಿಗೆ ಗಾಳಿ ಹೋಗಿ ರಕ್ತಕ್ಕೆ ಸೇರಬೇಕು. ನಿನ್ನ ಮುಳುಗಿಸಿ ತೋರಿಸ್ಲಾ?" ಎಂದು ಕಮಲಿ ಅವನ ತಲೆಗೂದಲಿಗೇ ಕೈ ಹಾಕಿದಳು.

ದಾಸ ಗಾಬರಿಯಿಂದ ಮರಿಯನ್ನು ಎರಡೂ ತೋಳಲ್ಲಿ ಮೇಲೆತ್ತಿದ. ಅದರ ನೆತ್ತಿಯ ತೂತು ತೆರೆಯಿತು. ಬುಸ್ಸೆಂದು ಹಳಸಿದ ಬಂಗುಡೆ ಮೀನಿನ ನಾತ ಅವನ ಮುಖಕ್ಕೇ ಬಡಿಯಿತು. "ಥೂ! ಎಂತ ಇದು?"

"ಉಸಿರು," ಎಂದಳು ಕಮಲಿ.

"ಬದುಕಿಸಿದವನ ಮುಖಕ್ಕೇ ಬಿಡೂದಾ?" ಎಂದು ದಾಸ ಮರಿಯನ್ನೇ ಗದರಿಸಿದ. ಅದು ಕೊಸರಿಕೊಂಡು, ಬಾಲದಿಂದ ಅವನ ಕೆನ್ನೆಗೊಂದು ಬಾರಿಸಿ ಹೊರಟುಹೋಯಿತು. ತಿರುಗಿ ಬರಲಿಲ್ಲ.